ಬಸವಣ್ಣೆಮ್ಮ ತೆಗೆಸಿದ ಹಗೇವು

ಸಂತೆಕಲ್ಲೂರಿನ ಬಸವಣ್ಣೆಮ್ಮ ನಿಜಾಮನ ಕಾಲದಲ್ಲಿ ಕೊರಳ ಲಿಂಗ ಮುಟ್ಟಿ ಸುಳ್ಳು ಹೇಳಿದವಳು. ಲೆವಿ ಎಂದು ಸರ್ಕಾರದ ಪಾಲಿನ ಜೋಳ ಎಳೆಯಲು ಕಂದಾಯದ ಅಧಿಕಾರಿ ಗಿರ್ದಾವರ ಬಂದಾಗಲೆಲ್ಲ "ನಮ್ಮ ಓಣ್ಯಾಗ ಹಗೇವೇ ಇಲ್ರಿ ಸಾಹೇಬ್ರ" ಎಂದು ಆಣೆ ಮಾಡುತ್ತಿದ್ದಳು. ಹಗೇವು ಎಂಬ ಆ ಕಾಳಿನ ಗುಂಡಿ ಅವಳದೇ ಕೊಟ್ಟಿಗೆಯ ನೆಲದೊಳಗಿತ್ತು. ಓಣಿಯವರೆಲ್ಲರ ಬಿತ್ತನೆ ಜೋಳ ಅದರಲ್ಲೇ. ಒಮ್ಮೆ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಹಿಂಗಾರಿ ಬಿತ್ತನೆಯವರೆಗೆ ಯಾರೂ ಮುಟ್ಟುವಂತಿಲ್ಲ. ತೆಗೆಯುವಾಗಲೂ ಮೊದಲ ಬುಟ್ಟಿ ಮಣ್ಣು ಬಸವಣ್ಣೆಮ್ಮನೇ ಸರಿಸಬೇಕು. ಅದು ಓಣಿಯ ಕಟ್ಟಳೆ.

ನಲವತ್ತೆಂಟರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಬಾವುಟ ಹಾರಿಸಿ ಜೈಲು ಸೇರಿದ್ದ ಗಂಡ ಅಮರಗುಂಡಪ್ಪ ಮನೆಗೆ ಬಂದ. ಮರುವರ್ಷದ ಬೇಸಿಗೆಗೆ ಗಿರ್ದಾವರನೂ ಬಂದ. ಅದೇ ಆಸಾಮಿ, ಅದೇ ಕುದುರೆ. ಟೋಪಿ ಮಾತ್ರ ಬಿಳಿಯದು.

"ತಾಯೀ, ಈಗ ನಿಮ್ಮ ಸರ್ಕಾರ. ಮುಚ್ಚಿಡಬ್ಯಾಡ್ರಿ. ಜೋಳ ಲಿಂಗಸುಗೂರು ಗೋದಾಮಿನ್ಯಾಗ ಇಡ್ತೀವಿ. ಬಿತ್ತೋ ಹೊತ್ತಿಗೆ ನಿಮ್ಮ ಬೀಜ ನಿಮಗ."

ಪಕ್ಕದ ಮನೆಯ ಹುಸೇನ್‌ಬೀ ಅವಳ ಸೆರಗು ಜಗ್ಗಿದಳು. "ಅಕ್ಕಾ, ಟೋಪಿ ನೋಡಿ ಮರುಳಾಗಬ್ಯಾಡ. ಒಳಗಿನ ತಲಿ ಅದೇ ಐತಿ."

"ಸುಮ್ನಿರಬೇ! ನಮ್ಮ ಸರ್ಕಾರಕ್ಕ ನಾವೇ ಸುಳ್ಳು ಹೇಳೂಣೇನು? ನನ್ನ ಗಂಡ ಜೈಲಿಗೆ ಹೋಗಿದ್ದು ಮತ್ಯಾಕ?"

ಮೊದಲ ಬುಟ್ಟಿ ಮಣ್ಣು ಅವಳೇ ಸರಿಸಿದಳು. ಸಂಜೆಯೊಳಗೆ ಗುಂಡಿ ಬರಿದಾಯಿತು.

ಹಿಂಗಾರಿ ಮಳೆ ಬಿತ್ತು. ಓಣಿಯವರು ಬಂಡಿ ಕಟ್ಟಿಕೊಂಡು ಲಿಂಗಸುಗೂರಿಗೆ ಹೋದರೆ, ಸಿಕ್ಕಿದ್ದು ಯಾವ ಸೀಮೆಯದೋ ಜೋಳ. ಬೆರಳಲ್ಲಿ ಒತ್ತಿದರೆ ಹಿಟ್ಟಾಗುತ್ತಿತ್ತು.

"ನಮ್ಮ ಬೀಜ ಎಲ್ರಿ?" ಎಂದಳು ಬಸವಣ್ಣೆಮ್ಮ.

"ಪಟ್ಟಣಕ್ಕ ಹೋತು. ಅಲ್ಲಿ ಮಂದಿ ಉಣಬ್ಯಾಡೇನು?" ಎಂದ ಗಿರ್ದಾವರ. "ಮ್ಯಾಲಿನವರು ಹೇಳಿದ್ದನ್ನ ನಾ ಹೇಳೀನಿ. ನನ್ನ ಕೇಳಿದ್ರ ಏನು ಬಂತು?"

ಹುಸೇನ್‌ಬೀ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಬಿಚ್ಚಿದಾಗ ಒಂದೂ ಮೊಳೆತಿರಲಿಲ್ಲ. ಹುಳಿ ನಾತ ಬರುತ್ತಿತ್ತು. ಆ ಬಟ್ಟೆಯನ್ನೇ ತಂದು ಬಸವಣ್ಣೆಮ್ಮನ ಮುಂದೆ ಹರವಿದಳು.

"ಅವನ ಮಾತಿಗೆ ನಾವು ಹಗೇವು ತೆಗಿಲಿಲ್ಲಕ್ಕ. ನಿನ್ನ ಮಾತಿಗೆ ತೆಗದ್ವಿ."

ಈ ಮಾತಿಗೆ ಯಾವ ಗೋದಾಮಿನಲ್ಲಿ ಪರಿಹಾರವಿದೆ? ಸರ್ಕಾರಕ್ಕೆ ಸಾಕ್ಷಿ ನಿಂತವಳು ಓಣಿಗೆ ಉತ್ತರ ಕೊಡಬೇಕಾಯಿತು. ಸರ್ಕಾರ ಕುದುರೆ ಏರಿ ಹೋಯಿತು.

ಬಸವಣ್ಣೆಮ್ಮ ತವರೂರು ಜವಳಗೇರಾಕ್ಕೆ ಹೋಗಿ, ಅಣ್ಣತಮ್ಮಂದಿರ ಕೈಕಾಲು ಹಿಡಿದು ಬೀಜ ತಂದಳು. ನೆರೆಯವರಿಗೆ ಹಂಚುವಷ್ಟರಲ್ಲಿ ಮುಗಿಯಿತು. ಅವಳ ಹೊಲ ಆ ವರ್ಷ ಬೀಳು ಬಿತ್ತು. ಯಾರೂ ಬೈಯಲಿಲ್ಲ. ಆದರೆ ಮುಂದಿನ ಸುಗ್ಗಿಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲೇ ಗುಂಡಿ ತೋಡಿಕೊಂಡರು. ಎಲ್ಲಿ ಎಂದು ಅವಳಿಗೂ ಹೇಳಲಿಲ್ಲ.

ಐವತ್ತಾರರಲ್ಲಿ ರಾಜ್ಯ ಮತ್ತೆ ಬದಲಾಯಿತು. ಹೊಸ ಅಧಿಕಾರಿಯೊಬ್ಬ ಬಂದು ಕಟ್ಟೆಯ ಮೇಲೆ ಕೂತ. "ಅಮ್ಮಾ, ಈಗ ಕನ್ನಡದ ಸರ್ಕಾರ. ನಾವು ನಿಮ್ಮವರೇ. ಮನೆಯಲ್ಲಿ ಎಷ್ಟು ಧಾನ್ಯವಿದೆ, ಹೇಳಿ."

ಬಸವಣ್ಣೆಮ್ಮ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟಳು.

"ನಮ್ಮವರಾದ್ರ ಉಂಡು ಹೋಗ್ರಿ ಸಾಹೇಬ್ರ. ಹಗೇವಿನ ಮಾತು ತಗೀಬ್ಯಾಡ್ರಿ."