ಇಂತಿ ತಮ್ಮ ವಿಧೇಯ

ಮನೆಯ ಮುಂದಿನ ಹೊಂಗೆಮರದ ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದೆ, ದಯಮಾಡಿ ಕತ್ತರಿಸಿಕೊಡಿ ಎಂದು ಇಂದು ಬೆಳಿಗ್ಗೆ ಅರ್ಜಿ ಬರೆಯಲು ಕುಳಿತೆ. ಒಕ್ಕಣೆ ಮುಗಿಯುವ ಮೊದಲೇ ಕೈ ತಾನಾಗಿ ಹಾಳೆಯ ಬಲಮೂಲೆಗಿಳಿದು ‘ಇಂತಿ ತಮ್ಮ ವಿಧೇಯ’ ಎಂದು ಬರೆದುಬಿಟ್ಟಿತು. ಕಟ್ಟಿಕೊಂಡ ಹೆಂಡತಿಗೇ ವಿಧೇಯನಲ್ಲವೆಂಬ ಅಪಖ್ಯಾತಿ ಹೊತ್ತ ನಾನು, ಮುಖ ಕಾಣದ ಅಧಿಕಾರಿಗೆ ಇಷ್ಟು ಸಲೀಸಾಗಿ ವಿಧೇಯನಾದದ್ದು ಹೇಗೆ?

ತಪ್ಪು ನನ್ನದೇ. ಹೊಳೆನರಸೀಪುರದಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದಷ್ಟು ಕಾಲವೂ ಮಕ್ಕಳಿಗೆ ರಜೆಚೀಟಿ ಬರೆಯಲು ಕಲಿಸಿದವನು ನಾನು. ‘ಐ ಬೆಗ್ ಟು ಸ್ಟೇಟ್’ ಎಂದು ಆರಂಭ, ‘ಯುವರ್ಸ್ ಒಬಿಡಿಯೆಂಟ್ಲಿ’ ಎಂದು ಮುಕ್ತಾಯ. ಜ್ವರ ಬಂದ ಮಗುವೂ ಮೊದಲು ಬೇಡಿ ಆಮೇಲೆ ನರಳಬೇಕು. ಜಾಂಬಿಯಾದಲ್ಲಿ ಕೆಲವು ವರ್ಷ ಪಾಠ ಹೇಳಿ ಬಂದ ಸ್ನೇಹಿತನೊಬ್ಬ, ಅಲ್ಲಿಯ ಮಕ್ಕಳ ರಜೆಚೀಟಿಯೂ ಅಕ್ಷರಶಃ ಇದೇ ಎಂದಿದ್ದ. ಸೂರ್ಯ ಮುಳುಗದ ಸಾಮ್ರಾಜ್ಯ ಮುಳುಗಿದರೂ ಅದರ ರಜೆಚೀಟಿ ಇನ್ನೂ ತೇಲುತ್ತಿದೆ. ವಿನೋದವೆಂದರೆ ಆ ಸಾಮ್ರಾಜ್ಯ ಹುಟ್ಟಿದ್ದೂ ಅರ್ಜಿಯಿಂದಲೇ. ವ್ಯಾಪಾರಕ್ಕೆ ಅಪ್ಪಣೆ ಬೇಡುತ್ತ ನಮ್ಮ ದೊರೆಗಳ ಮುಂದೆ ಕೈಕಟ್ಟಿ ನಿಂತ ಕಂಪನಿ, ಬೆರಳು ಕೊಟ್ಟರೆ ಹಸ್ತ ನುಂಗಿ, ಕೊನೆಗೆ ಕುರ್ಚಿಯಲ್ಲಿ ತಾನು ಕೂತು ಅರ್ಜಿಯನ್ನು ನಮ್ಮ ಕೈಗೆ ಕೊಟ್ಟಿತು. ಕುರ್ಚಿಯವರು ಹೋದರು, ಅರ್ಜಿ ಹಿಡಿದವರು ನಾವು ನಿಂತೇ ಇದ್ದೇವೆ.

ನಿವೃತ್ತನಾದ ಮೇಲೆ ಜಗಲಿಯಲ್ಲಿ ಕೂತು, ಕೇಳಿದವರಿಗೆ ಅರ್ಜಿ ಬರೆದುಕೊಡುವುದು ನನ್ನ ಚಟ. ಹೋದ ವರ್ಷ ಹಳ್ಳಿಮೈಸೂರಿನ ಕಡೆಯಿಂದ ಜವರಮ್ಮ ಎಂಬ ಹೆಂಗಸು ಬಂದರು. ಗಂಡ ತೀರಿಕೊಂಡ ಮೇಲೆ ಹೊಲ ಅವರ ಹೆಸರಿಗೆ ಬಂದಿತ್ತು. ಆದರೆ ಪಹಣಿಯಲ್ಲಿ ‘ಜವರಯ್ಯ’ ಎಂದಾಗಿತ್ತು. ಹುಟ್ಟಿಯೇ ಇಲ್ಲದ ಗಂಡಸೊಬ್ಬ ಅವರ ಹೊಲಕ್ಕೆ ಯಜಮಾನನಾಗಿದ್ದ. ಎರಡು ಅರ್ಜಿ ಆಗಲೇ ಕಳೆದುಹೋಗಿದ್ದವು. ನಾನು ಮೂರನೆಯದನ್ನು ಬರೆದು ಓದಿ ಹೇಳಿದೆ. ಕೊನೆಯ ಸಾಲಿಗೆ ಅವರು ತಡೆದರು.

“ವಿಧೇಯ ಅಂದ್ರೇನು ಮೇಷ್ಟ್ರೇ?”

ಹೇಳಿದ ಹಾಗೆ ಕೇಳುವವರು ಎಂದೆ.

“ಅದ್ನ ಒಡ್ದಾಕಿ. ನಂಗ್ ಬರಿಯಾಕ್ ಬರಾದು ನನ್ನೆಸ್ರೊಂದೇ. ಅದ್ನೂ ತಪ್ಪಾಗಿ ಬರ್ದವ್ರೆ. ನನ್ನೆಸ್ರು ನಂಗ್ ಕೊಡಿ ಅನ್ನಾಕೆ ಅವ್ರು ಏಳ್ದಂಗ್ಯಾಕೆ ಕೇಳ್ಬೇಕು ನಾನು?”

ಹೊಲ ಅವರದು, ಹೆದರಿಕೆ ನನ್ನದು. ಆ ಒಂದು ಪದವಿಲ್ಲವೆಂದು ಅರ್ಜಿ ವಾಪಸಾದರೆ ಏನು ಗತಿ ಎಂದುಕೊಳ್ಳುತ್ತಲೇ ಹೊಡೆದುಹಾಕಿದೆ. ಜವರಮ್ಮ ಪೆನ್ನನ್ನು ಬಿಗಿಯಾಗಿ ಹಿಡಿದು ನಾಲ್ಕು ಅಕ್ಷರ ಬರೆದರು. ಕೊನೆಯ ‘ಮ್ಮ’ದ ಒತ್ತಿಗೆ ಮೈಯ ಭಾರವನ್ನೆಲ್ಲ ಬಿಟ್ಟರು.

ಎರಡು ತಿಂಗಳಿಗೆ ತಿದ್ದಿದ ಪಹಣಿ ಹಿಡಿದು ಮತ್ತೆ ಬಂದರು. ನಾನು ಓದುವ ಮೊದಲೇ ‘ಮ್ಮ’ದ ಮೇಲೆ ಬೆರಳಿಟ್ಟು, “ಇಲ್ ನೋಡಿ, ಬಂದೈತೆ” ಎಂದರು. ನನಗೆ ಸಂತೋಷವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಇದನ್ನೆಲ್ಲ ನೆನೆದು ಇಂದು ನನ್ನ ಅರ್ಜಿಯಲ್ಲೂ ‘ವಿಧೇಯ’ವನ್ನು ಹೊಡೆದುಹಾಕಿದೆ. ದೊಡ್ಡ ಸ್ವಾತಂತ್ರ್ಯ ಹೋರಾಟ ಗೆದ್ದವನ ಠೀವಿಯಲ್ಲಿ ರುಜು ಹಾಕಿ, ಮಡಿಸುವಾಗ ನೋಡುತ್ತೇನೆ, ರುಜು ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ನನ್ನ ರುಜು ಹೇಗಿರುತ್ತದೆಂದು ನೆನಪಿಗೇ ಬರಲಿಲ್ಲ. ಹೊಸ ಹಾಳೆ ತೆಗೆದುಕೊಂಡು, ಪೆನ್ನನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಅಕ್ಷರವಾಗಿ ನನ್ನ ಹೆಸರು ಬರೆದೆ.