ಪೂಜೆಗೆ ಕೂತ ಗೇರಿನ ದಂಡ

ಮಾಮಾನ ಕಾರು ಕೆಂಪು ಬಣ್ಣದ್ದೆಂದು ನಾನು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನನ್ನ ಅಕ್ಕ ಹಸಿರು ಅನ್ನುತ್ತಾಳೆ. ಮನೆಯಲ್ಲಿ ಉಳಿದಿರುವ ಒಂದೇ ಫೋಟೋದಲ್ಲಿ ಕಾರು ಕಪ್ಪಗೆ ಕಾಣುತ್ತದೆ, ಮಾಮಾ ಬೆಳ್ಳಗೆ ಕಾಣುತ್ತಾನೆ, ಎರಡೂ ನಿಜವಲ್ಲ. ಹೀಗಿರುವಾಗ ಆ ಕಾರಿನ ಒಳಗಿದ್ದ ಒಂದು ಕಬ್ಬಿಣದ ದಂಡದ ಬಗ್ಗೆ ನಾನು ಬರೆಯುವುದನ್ನು ಓದುವವರು ತಮಗೆ ತಿಳಿದಷ್ಟು ನಂಬಲಿ. ಆಗಲೂ ದಿನಚರಿ ಬರೆಯುತ್ತಿದ್ದೆ. ಇದೆಲ್ಲ ನಡೆದ ದಸರೆಯ ಪುಟದಲ್ಲಿ ‘ಬಿಸಿಲು ಜೋರು’ ಎಂದಷ್ಟೇ ಇದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನನಗೆ ಬಿಸಿಲು ಬಹಳ ಮುಖ್ಯವಾಗಿ ಕಂಡಿರಬೇಕು.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಏನಾದರೂ ಕೆಲಸ ಸಿಕ್ಕೀತೆಂದು ನಾನು ಮಾಮಾನ ಕ್ವಾರ್ಟರ್ಸಿಗೆ ಬಂದು ಕೂತಿದ್ದೆ. ಮಾಮಾ ನನ್ನ ತಾಯಿಯ ತಮ್ಮ, ಮಿಲ್ಲಿನಲ್ಲಿ ಸುಪರ್‌ವೈಜರ್. ಮನೆಯಲ್ಲಿ ಮಾಮಿ ಇದ್ದಳು, ಮತ್ತು ಮಾಮಾನ ತಾಯಿ, ಅಂದರೆ ನನ್ನ ಅಜ್ಜಿ. ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಇಂಜಿನಿಯರೊಬ್ಬ ಊರಿಗೆ ಮರಳುವಾಗ ತನ್ನ ಸ್ಪೋರ್ಟ್ಸ್ ಕಾರನ್ನು ಮಾಮಾನಿಗೆ ಬಿಟ್ಟು ಹೋಗಿದ್ದ. ಎರಡೇ ಸೀಟು, ಮೇಲೆ ಕ್ಯಾನ್ವಾಸಿನ ಹೊದಿಕೆ, ನೆಲಕ್ಕೆ ಅಂಟಿದಂಥ ಮೈ. ಸೂಪಾ ಕಡೆಯಿಂದ ಬಿದಿರು ಹೇರಿಕೊಂಡು ಬರುವ ಲಾರಿಗಳ ನಡುವೆ ಅದು ಯಾರದೋ ಕಾಲಿನಿಂದ ಕಳಚಿ ಬಿದ್ದ ಚಪ್ಪಲಿಯ ಹಾಗೆ ಕಾಣುತ್ತಿತ್ತು. ಊರ ಮಂದಿ ಅದಕ್ಕೆ ‘ಅರ್ಧ ಕಾರು’ ಎಂದು ಹೆಸರಿಟ್ಟಿದ್ದರು. ಮಾಮಾ ಆ ಹೆಸರು ಕೇಳಿಸದವನಂತೆ ಹಾರ್ನ್ ಬಾರಿಸುತ್ತಿದ್ದ.

ಕಾರಿನ ದೋಷವೆಂದರೆ ಅದರ ಗೇರಿನ ದಂಡ. ಉದ್ದವೆಂದರೆ ಬಲು ಉದ್ದ, ತುದಿಯಲ್ಲಿ ತೆಳ್ಳಗಾಗಿ ಓಲಾಡುತ್ತಿತ್ತು. ಯಾವ ಗೇರಿನಲ್ಲಿದ್ದೇವೆಂದು ಮಾಮಾ ಇಂಜಿನ್ನಿನ ದನಿ ಕೇಳಿಯೇ ತಿಳಿದುಕೊಳ್ಳಬೇಕಿತ್ತು. ಎರಡನೇ ಗೇರಿಗೆ ಹಾಕಬೇಕೆಂದರೆ ಅದನ್ನು ಎಡಕ್ಕೆ ಒತ್ತಿ ಹಿಂದಕ್ಕೆ ಎಳೆಯಬೇಕು. ಎಳೆದಾಗ ಅದು ನೆಟ್ಟಗೆ ಬಂದು ಎಡಗಡೆ ಕೂತವರ ಮೊಣಕಾಲಿಗೆ ಬಡಿಯುತ್ತಿತ್ತು. ಮಾಮಿ ಒಂದೇ ಸಲ ಆ ಕಾರಿನಲ್ಲಿ ಕೂತಿದ್ದಳು. ಸೀರೆಯ ನಿರಿಗೆಯನ್ನು ದಂಡದಿಂದ ಬಿಡಿಸಿಕೊಂಡು ಇಳಿದವಳು, “ನಿಮ್ಮ ಕಾರಿಗೆ ನನ್ನ ಮೊಣಕಾಲೂ ಒಂದು ಗೇರ್ ಆಗೇತಿ. ನಾ ಇನ್ನ ಇದರಾಗ ಕುಂಡ್ರೂದಿಲ್ಲ” ಎಂದಿದ್ದಳು.

ಮಾಮಿಯ ತವರು ಹಳಿಯಾಳ. ಅಲ್ಲಿ ಅವಳ ಅಣ್ಣನಿದ್ದ. ಅಣ್ಣನ ಮಗಳ ಮದುವೆಯಲ್ಲಿ ಮಾಮಾನನ್ನು ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂಡಿಸಿದರೆಂದು ಮಾಮಾ ಉಣ್ಣದೆ ಎದ್ದು ಬಂದಿದ್ದ. ಮಾಮಿಯೂ ಅವನ ಹಿಂದೆ ಬರಬೇಕಾಯಿತು. ಅಂದಿನಿಂದ ಆ ಮನೆಗೆ ಹೋಗಿಬರುವುದು ನಿಂತಿತ್ತು. ಸಿಟ್ಟು ಮಾಮಾನದು, ತವರು ಹೋದದ್ದು ಮಾಮಿಯದು. ಆ ವರ್ಷ ದಸರೆಗೆ ಮೊದಲು ಹಳಿಯಾಳ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು, “ನಿಮ್ಮಣ್ಣಾರು ಹೇಳಿ ಕಳಿಸ್ಯಾರ್ರಿ. ಈ ಸಲ ಬನ್ನಿಗೆ ತಂಗಿ ಬರ್ಲಿ ಅಂದಾರ” ಎಂದು ಹೇಳಿ ಹೋದ. ನಮ್ಮ ಕಡೆ ದಸರೆಯ ಹತ್ತನೇ ದಿನ ಸಂಜೆ ಕಿರಿಯರು ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆರಗುತ್ತಾರೆ, ಬಂಗಾರ ತಗೊಂಡು ಬಂಗಾರದಂಗ ಇರೂಣು ಅನ್ನುತ್ತಾರೆ. ಹಳೆಯ ಮುನಿಸೆಲ್ಲ ಆ ಸಂಜೆಗೆ ಮುಗಿಯಬೇಕು. ಹೇಳಿ ಕಳಿಸಿದ ಮೇಲೂ ಹೋಗದಿದ್ದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಮಾಮಿ ಅವತ್ತೇ ಟ್ರಂಕಿನಿಂದ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

“ಕಾರಿನ್ಯಾಗ ಹೋಗೂಣು” ಅಂದ ಮಾಮಾ.

“ಬಸ್ಸಿಗೆ ಹೋಗ್ತೇನಿ.”

“ಮನ್ಯಾಗ ಕಾರ್ ಇಟ್ಟುಕೊಂಡು ಬಸ್ಸಿಗೆ ಹೋದ್ರ ನಿಮ್ಮಣ್ಣ ಏನಂದಾನು?”

“ಬಂದ್ಲು ಅಂದಾನು” ಅಂದಳು ಮಾಮಿ.

ಮಾಮಾ ಇದನ್ನು ಉತ್ತರವೆಂದು ಒಪ್ಪಲಿಲ್ಲ. ದಂಡವನ್ನೇ ಸುಧಾರಿಸಿಬಿಟ್ಟರೆ ಮಾಮಿಯ ಮೊಣಕಾಲೂ ಉಳಿಯುತ್ತದೆ, ತನ್ನ ಮರ್ಯಾದೆಯೂ ಉಳಿಯುತ್ತದೆ ಎಂದು ನಿಶ್ಚಯಿಸಿದ. ಬಿದಿರಿನ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಮಿಸ್ತ್ರಿಯೊಬ್ಬರು ಅವನ ಗೆಳೆಯರು. ಬಸ್ ಸ್ಟ್ಯಾಂಡಿನ ಹಿಂದೆ ಅವರ ಗ್ಯಾರೇಜು. ಸಂಜೆ ಅವರು ಕ್ವಾರ್ಟರ್ಸಿನ ಹಿತ್ತಲಿಗೆ ಬರುತ್ತಿದ್ದರು. ಅಲ್ಲಿ ಒಗೆಯುವ ಕಲ್ಲಿನ ಪಕ್ಕದಲ್ಲಿ ಕಾರನ್ನು ನಿಲ್ಲಿಸಿ, ಸೀಟು ತೆಗೆದು ಕೆಲಸ ನಡೆಯಿತು. ನಾನು ಓದಿದವನೆಂದು ನನ್ನನ್ನೂ ಕರೆದರು. ದಂಡವನ್ನು ಮೇಲೆ ಕತ್ತರಿಸಿದರಷ್ಟೇ ಸಾಲದು, ಅದು ತಿರುಗುವ ಗುಂಡಿನ ಕೆಳಗೆ ಸ್ವಲ್ಪ ಉದ್ದ ಮಾಡಬೇಕು, ಆಗ ಮೇಲೆ ಕೈ ಚೂರು ಆಡಿದರೂ ಕೆಳಗೆ ಗೇರು ಪೂರಾ ಬೀಳುತ್ತದೆ ಎಂದು ನಾನು ಸನ್ನೆಕೋಲಿನ ಚಿತ್ರ ಬರೆದು ತೋರಿಸಿದೆ.

ಮಿಸ್ತ್ರಿ ಚಿತ್ರವನ್ನು ದೂರ ಹಿಡಿದು ನೋಡಿದರು. “ಕಾಗದದ ಮ್ಯಾಲ ಎಲ್ಲಾ ಗೇರೂ ಬೀಳ್ತಾವ್ರಿ” ಅಂದರು. ಆದರೆ ಹಾಗೆಯೇ ಮಾಡಿದರು.

ಕೆಲಸ ಚೆನ್ನಾಗಿಯೇ ಆಯಿತು. ದಂಡವನ್ನು ಗ್ಯಾರೇಜಿಗೆ ಒಯ್ದು ಕತ್ತರಿಸಿ, ಕೆಳಗೆ ತುಂಡು ಬೆಸೆದು, ಕಾಯಿಸಿ ಡ್ರೈವರನ ಕಡೆಗೆ ಬಾಗಿಸಿ ತಂದರು. ಗಡಗಡ ಸದ್ದು ನಿಲ್ಲಿಸಲು ಗುಂಡಿನ ಸುತ್ತ ಮಿಲ್ಲಿನ ಹಳೆಯ ಫೆಲ್ಟಿನ ಬಳೆ ಮಾಡಿದರು. ಕಾಗದದ ಯಂತ್ರದಲ್ಲಿ ಸವೆದ ಆ ದಪ್ಪ ಉಣ್ಣೆಯ ಬಟ್ಟೆ ದಾಂಡೇಲಿಯ ಮನೆಮನೆಯಲ್ಲೂ ಹಾಸಿಗೆಗೆ, ಕಾಲೊರಸಿಗೆ ಇದ್ದೇ ಇತ್ತು. ತುದಿಗೆ ಬೀಟೆ ಮರದ ಹಿಡಿಕೆ. ಎಲ್ಲ ಮುಗಿದಾಗ ದಂಡ ಅರ್ಧಕ್ಕರ್ಧ ಕುಳ್ಳಗಾಗಿತ್ತು. ಅರ್ಧ ಕಾರಿಗೆ ಅರ್ಧ ಗೇರು ಎಂದು ನಾನು ಅಂದದ್ದಕ್ಕೆ ಮಾಮಾ ನಗಲಿಲ್ಲ. ಜೋಡಿಸುವುದೊಂದು ಬಾಕಿ. ಮರುದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಅದರ ಮರುದಿನ ಬನ್ನಿ. ಬನ್ನಿಯ ದಿನ ಬೆಳಿಗ್ಗೆ ಎದ್ದು ಜೋಡಿಸಿದರಾಯಿತು ಅಂದ ಮಾಮಾ.

ಖಂಡೆ ಪೂಜೆಯ ದಿನ ಅಜ್ಜಿ ಮನೆಯ ಕಬ್ಬಿಣವನ್ನೆಲ್ಲ ಕೂಡಿಸಿದಳು: ಈಳಿಗೆ, ಕೊಡಲಿ, ಕತ್ತರಿ, ನಟ್ಟು ಬಿಗಿಯುವ ಮಾಮಾನ ಪಾನಾಗಳು, ಪಕ್ಕಡ. ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ವಿಭೂತಿ ಬಳಿದು ದೇವಿಯ ಮುಂದೆ ಸಾಲಾಗಿ ಇಟ್ಟಳು. ಆಗ ಮಾಮಾ ತಾನೇ ಒಳಗೆ ಹೋಗಿ ಹೊಸ ದಂಡವನ್ನು ಎರಡೂ ಕೈಯಲ್ಲಿ ತಂದು ಕೊಟ್ಟ. “ಇದನ್ನೂ ಇಡವ್ವಾ. ಹೊಸಾದು” ಅಂದ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಅಜ್ಜಿ ಅದನ್ನೂ ಗ್ರೀಸ್ ಹೋಗುವಂತೆ ತಿಕ್ಕಿ, ಬೀಟೆಯ ಹಿಡಿಕೆಗೆ ಕುಂಕುಮವಿಟ್ಟು, ಚೆಂಡುಹೂವು ಸಿಕ್ಕಿಸಿ, ಎಲ್ಲಕ್ಕಿಂತ ಮುಂದೆ ಇಟ್ಟಳು. ಮಾಮಾ ಕೈ ಮುಗಿದ. ನಾನೂ ಮುಗಿದೆ. ಪೂಜೆಗೆ ಕೂತ ಹತಾರವನ್ನು ಬನ್ನಿ ಮನೆಗೆ ಬರುವ ತನಕ ಮುಟ್ಟಬಾರದೆಂಬುದು ನಮ್ಮಿಬ್ಬರಿಗೂ ಹುಟ್ಟಿದಾಗಿನಿಂದ ಗೊತ್ತಿತ್ತು. ಆ ಗೊತ್ತಿದ್ದದ್ದು ಮರುದಿನ ಬೆಳಿಗ್ಗೆ ಮಾಮಾ ಪಾನಾಕ್ಕೆ ಕೈ ಚಾಚಿದಾಗ ನೆನಪಿಗೆ ಬಂತು.

“ಕೈ ತಗಿ” ಅಂದಳು ಅಜ್ಜಿ.

“ಅವ್ವಾ, ಇವತ್ತ ಹಳಿಯಾಳಕ್ಕ ಹೋಗಬೇಕು.”

“ಹೋಗು. ಬ್ಯಾಡ ಅಂದ್ನೇನು?”

“ಗೇರ್ ಇಲ್ದ ಹೆಂಗ ಹೋಗ್ಲಿ?”

“ನೀನ ನಿನ್ನ ಕೈಯಾರೆ ಕೊಟ್ಟಿ. ಈಗ ದೇವರ ಕೈಯಾಗಿಂದ ಕಸಗೋತಿ ಏನು? ಸಂಜೀಕ ಬನ್ನಿ ಬರ್ಲಿ, ಆಮ್ಯಾಲ ತಗೋ.”

ದಂಡ ಸಿಗದಿದ್ದರೂ ಹಳೆಯದನ್ನಾದರೂ ಹಾಕಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಹೊಸದು ಆದದ್ದೇ ಹಳೆಯದರಿಂದ. ಮಾಮಾ ಮಿಸ್ತ್ರಿಯ ಗ್ಯಾರೇಜಿಗೆ ಓಡಿದ, ಪಾನಾವನ್ನೂ ಏನಾದರೊಂದು ಕಬ್ಬಿಣದ ಸರಳನ್ನೂ ಕೇಳಲು. ನಾನೂ ಹೋದೆ. ಅಲ್ಲಿ ಲಾರಿಗಳಿಗೆಲ್ಲ ಬಾಳೆಕಂಬ. ಹತಾರದ ಪೆಟ್ಟಿಗೆಯ ಮೇಲೆ ಮೊಳಗಟ್ಟಲೆ ಹೂವು, ಒಡೆದ ಕಾಯಿ. ಮಿಸ್ತ್ರಿ ಹೊಸ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

“ನಾ ನಮಾಜ್ ಮಾಡಾಂವ, ನನಗೇನ ಅಡ್ಡಿ ಇಲ್ರಿ” ಅಂದರು. “ಆದ್ರ ನಮ್ಮ ಕೆಲಸದವ್ರು, ಲಾರಿ ಡ್ರೈವರ್‌ಗೋಳು ಕಾಯಿ ಒಡದಾರ. ಇವತ್ತ ಪಾನಾ ನನ್ನವಲ್ಲ, ದೇವೀವು. ಸಂಜೀಕ ಬರ್ತೇನಿ, ನಡೀರಿ.”

ಇಡೀ ದಾಂಡೇಲಿಯಲ್ಲಿ ಆ ದಿನ ಕುಂಕುಮವಿಲ್ಲದ ಒಂದು ಪಾನಾ ಇರಲಿಲ್ಲ. ಯಂತ್ರದಿಂದ ಬದುಕುವ ಊರಿನಲ್ಲಿ ವರ್ಷಕ್ಕೊಮ್ಮೆ ಯಂತ್ರವನ್ನು ಮುಟ್ಟಲು ಯಾರಿಗೂ ಹಕ್ಕಿರುತ್ತಿರಲಿಲ್ಲ. ಬೇರೆ ಯಾವ ದಿನವಾದರೂ ಅದನ್ನು ನಾನು ಒಳ್ಳೆಯ ಪದ್ಧತಿ ಅನ್ನುತ್ತಿದ್ದೆ.

ಮಧ್ಯಾಹ್ನ ಮಾಮಿ ಬಿಸಿಲಿಗೆ ಹಾಕಿದ್ದ ಆ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಗೆ ಬಂದಳು. ಹಳಿಯಾಳಕ್ಕೆ ಕೊನೆಯ ಬಸ್ಸು ಮೂರಕ್ಕೋ ಮೂರೂವರೆಗೋ ಇತ್ತು. “ಸಂಜೀಕ ಕಾರ್ ತಯಾರ ಆಕ್ಕೇತಿ” ಅಂದ ಮಾಮಾ. “ಸಂಜೀಕ ಅಣ್ಣ ಬಾಗಲದಾಗ ನನ್ನ ದಾರಿ ನೋಡ್ತಿರತಾನ” ಅಂದಳು ಮಾಮಿ. ಅವಳೊಬ್ಬಳೇ ಹೋಗಬಾರದೆಂದು ಅಜ್ಜಿ ನನ್ನನ್ನು ಜೊತೆಗೆ ಕಳಿಸಿದಳು. ಮಾಮಾ ಗೇರಿಲ್ಲದ ಕಾರಿನಲ್ಲಿ ಸ್ಟೇರಿಂಗ್ ಹಿಡಿದು ಕೂತೇ ನಮ್ಮನ್ನು ಬೀಳ್ಕೊಟ್ಟ.

ಹಳಿಯಾಳದಲ್ಲಿ ಇಳಿದು ಅಣ್ಣನ ಓಣಿಗೆ ತಿರುಗುವಾಗ ಮಾಮಿಯ ನಡಿಗೆ ನಿಧಾನವಾಯಿತು. ಅಣ್ಣ ಬನ್ನಿ ಗಿಡದಿಂದ ಆಗಷ್ಟೇ ಬಂದಿದ್ದ. ಶಲ್ಯದ ತುಂಬ ಎಲೆ. ತಂಗಿಯನ್ನು ನೋಡಿ ಕಟ್ಟೆಯ ಮೇಲೆಯೇ ನಿಂತ. ಮಾಮಿ ಮುಂದೆ ಹೋದವಳು ಗಕ್ಕನೆ ನಿಂತಳು. ಅವಳ ಕೈಯಲ್ಲಿ ಎಲೆ ಇರಲಿಲ್ಲ. ಕೈಚೀಲದಲ್ಲಿ ಕರ್ಚಿಕಾಯಿ ಇತ್ತು, ಹೂವಿತ್ತು, ಅಣ್ಣನ ಮೊಮ್ಮಗುವಿಗೆ ಅಂಗಿ ಇತ್ತು. ಕೊಡಬೇಕಾದ ಬನ್ನಿಯೊಂದನ್ನೇ ಗೇರಿನ ಗದ್ದಲದಲ್ಲಿ ಮರೆತಿದ್ದೆವು. ಅಣ್ಣ ಒಂದು ಗಳಿಗೆ ನೋಡಿ, ಶಲ್ಯದಿಂದ ಒಂದು ಹಿಡಿ ಎಲೆ ತೆಗೆದು ಅವಳ ಕೈಗೆ ಹಾಕಿದ. ಮಾಮಿ ಅದನ್ನೇ ಅವನಿಗೆ ಕೊಟ್ಟು ಕಾಲಿಗೆರಗಿದಳು.

“ಬಂದ್ಯಾ?” ಅಂದ ಅಣ್ಣ.

“ಬಂದ್ನೆಪ್ಪಾ.”

“ಅಳಿಯದೇವರು ಎಲ್ಲಿ?”

“ಗೇರ್ ಪೂಜಾಕ್ಕ ಕುಂತೈತಿ. ಎದ್ದ ಮ್ಯಾಲ ಬರ್ತಾರ.”

ಅಣ್ಣನಿಗೆ ಅಷ್ಟೇ ಸಾಕಾಯಿತು. ಖಂಡೆ ಪೂಜೆ ಅವರ ಮನೆಯಲ್ಲೂ ಇತ್ತು.

ದೀಪ ಹಚ್ಚಿದ ಮೇಲೆ ಓಣಿಯಲ್ಲಿ ಹಾರ್ನ್ ಕೇಳಿಸಿತು. ಮಾಮಾ ಓಣಿಯ ತುದಿಯಿಂದಲೇ ಬಾರಿಸುತ್ತ ಬಂದು, ಬಾಗಿಲ ಮುಂದೆ ನಿಲ್ಲಿಸಿ, ಇನ್ನೂ ಒಮ್ಮೆ ಬಾರಿಸಿದ. ಯಾರೂ ಹೊರಗೆ ಹೋಗಲಿಲ್ಲ. ಎಲ್ಲರ ಕೈಯೂ ಹೋಳಿಗೆಯಲ್ಲಿತ್ತು. ಅಣ್ಣ ಕೂತಲ್ಲಿಂದಲೇ, “ಬಂದ್ರು. ನನ್ನ ಬಾಜೂಕ ಎಲಿ ಹಾಕ್ರಿ” ಅಂದ. ಮಾಮಾ ಕಾಲು ತೊಳೆದು ಬಂದು ಕೂತ. ಮೊದಲನೇ ಪಂಕ್ತಿ. ಆ ದಿನ ಪಂಕ್ತಿ ಇದ್ದದ್ದೇ ಒಂದು, ಆ ಮಾತು ಬೇರೆ. ಮಾಮಾ ಊಟ ಮಾಡುವಾಗ ಎರಡು ಸಲ ಗೇರಿನ ಸುದ್ದಿ ತೆಗೆದ. ಎರಡು ಸಲವೂ ಯಾರೋ ಅವನ ಎಲೆಗೆ ತುಪ್ಪ ಹಾಕಿದರು.

ಬೆಳಿಗ್ಗೆ ಅಣ್ಣ, ದಾಂಡೇಲಿಗೆ ಬಂದು ಅಜ್ಜಿಗೂ ಬನ್ನಿ ಕೊಟ್ಟು ಬರುತ್ತೇನೆಂದು ಹೊರಟ. ಅಜ್ಜಿ ಎಲ್ಲರಿಗೂ ಹಿರಿಯಳು. ಎರಡೇ ಸೀಟಿನ ಕಾರಿನ ಮುಂದೆ ನಾವು ನಾಲ್ಕು ಮಂದಿ ನಿಂತೆವು. ಮಾಮಾ ಮಾಮಿಯನ್ನು ನೋಡಿದ. ಬೀಟೆಯ ಹಿಡಿಕೆಯ ಮೇಲೆ ಕುಂಕುಮ ಇನ್ನೂ ಇತ್ತು.

“ನೀವಿಬ್ರೂ ಕಾರಿನ್ಯಾಗ ನಡೀರಿ” ಅಂದಳು ಮಾಮಿ. “ನಾವು ಬಸ್ಸಿಗೆ ಬರ್ತೇವಿ.”

ನಾವು ಮನೆ ಮುಟ್ಟಿದಾಗ ಅಣ್ಣ ಜಗಲಿಯಲ್ಲಿ ಚಹಾ ಕುಡಿಯುತ್ತ, ಇನ್ನೊಂದು ಕೈಯಿಂದ ಪಕ್ಕೆಲುಬು ತಿಕ್ಕಿಕೊಳ್ಳುತ್ತಿದ್ದ. ದಂಡ ಹತ್ತಿರ ಬಂದ ಮೇಲೆ, ಎರಡನೇ ಗೇರಿಗೆ ಎಳೆದಾಗಲೆಲ್ಲ ಮಾಮಾನ ಮೊಣಕೈ ಎಡಗಡೆ ಕೂತವರಿಗೆ ತಿವಿಯುತ್ತಿತ್ತಂತೆ. ಇದು ನನ್ನ ಚಿತ್ರದಲ್ಲಿ ಇರಲಿಲ್ಲ.

“ಗೇರ್ ಭಾಳ ಛಲೋ ಆಗೇತಿ, ಅಳಿಯದೇವ್ರ” ಅಂದ ಅಣ್ಣ. “ಇನ್ನ ನಿಮ್ಮ ಮೊಣಕೈ ಅಷ್ಟು ಕತ್ತರಸಬೇಕ್ನೋಡ್ರಿ.”

ಮಾಮಾನೇ ಮೊದಲು ನಕ್ಕ. ಆಮೇಲೆ ಆ ಅಣ್ಣ ವರ್ಷವೂ ಬಂದ, ಬಸ್ಸಿನಲ್ಲಿ.

ಕಾರು ಯಾವಾಗ ಹೋಯಿತೋ ನೆನಪಿಲ್ಲ. ವಯಸ್ಸಾದ ಮೇಲೆ ಮಾಮಾ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ: “ಅಕಿನ್ನ ಬಾಜೂಕ ಕೂಡಿಸ್ಕೊಂಡು ಹಳಿಯಾಳಕ್ಕ ಹೋದೆ. ಒಮ್ಮೆರ ಮೊಣಕಾಲಿಗೆ ಬಡದಿದ್ರ ಕೇಳ್ರಿ.” ಬಡಿಯಲಿಲ್ಲ ಎಂಬುದು ನಿಜವೇ, ಮೊಣಕಾಲು ಬಸ್ಸಿನಲ್ಲಿತ್ತು. ಮಾಮಿ ಚಹಾ ಕೊಡುತ್ತ ಸುಮ್ಮನಿರುತ್ತಿದ್ದಳು. ಒಮ್ಮೆ ಅಡುಗೆಮನೆಯಲ್ಲಿ, ಯಾಕೆ ಏನೂ ಅನ್ನುವುದಿಲ್ಲವೆಂದು ಕೇಳಿದೆ.

“ಹೇಳ್ಲಿ ಬಿಡೋ” ಅಂದಳು. “ಅವರು ಹೇಳಿದಾಗೊಮ್ಮೆ ನಾನೂ ತವರಮನಿ ಮುಂದ ಕಾರಿನ್ಯಾಗಿಂದ ಇಳೀತೇನಿ.”

ನಾನು ಅವಳ ಜೊತೆ ಬಸ್ಸಿನಲ್ಲಿ ಹೋದವನು, ಬಸ್ಸಿನಲ್ಲಿ ಬಂದವನು. ಆದರೂ ಈಗ ಕಣ್ಣು ಮುಚ್ಚಿದರೆ ಬಸ್ಸು ಕಾಣುವುದಿಲ್ಲ. ಹಳಿಯಾಳದ ಆ ಓಣಿ ಕಾಣುತ್ತದೆ, ಮಾಮಿ ನಿರಿಗೆ ಹಿಡಿದುಕೊಂಡು ಕಾರಿನಿಂದ ಇಳಿಯುತ್ತಾಳೆ, ಅಣ್ಣ ಕಟ್ಟೆಯ ಮೇಲೆ ನಿಂತಿರುತ್ತಾನೆ. ಕಾರು ಕೆಂಪಗಿರುತ್ತದೆ.