ಟ್ಯಾಂಕ್ ಇಳಿಸಿದ ಕೂಲಿ

ಅಣ್ಣ ತೀರಿಕೊಂಡ ಮೇಲೆ ಒಂದೂವರೆ ವರ್ಷ ಅವನ ಕಾರು ನಮ್ಮ ಕೊಟ್ಟಿಗೆಯ ಪಕ್ಕದಲ್ಲೇ ನಿಂತಿತ್ತು. ಕೇಳಿದವರಿಗೆಲ್ಲ ಬ್ಯಾಟರಿ ಹೋಗಿದೆ ಎನ್ನುತ್ತಿದ್ದೆ. ಬ್ಯಾಟರಿ ಹೋಗಿದ್ದೂ ನಿಜವೇ. ಆದರೆ ನಾನು ಅದರ ಹತ್ತಿರ ಸುಳಿಯದಿದ್ದುದಕ್ಕೆ ಕಾರಣ ಬೇರೆ ಇತ್ತು.

ಆ ದಿನ ಬೆಳಕು ಹರಿಯುವ ಹೊತ್ತಿಗೆ ಅಣ್ಣನಿಗೆ ಎದೆನೋವು ಬಂತು. ಅಮ್ಮ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಅತ್ತಿಗೆ ಮನೆಯಲ್ಲೇ ಉಳಿದರು. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಸೊರಬ ತಾಲ್ಲೂಕಿನ ನಮ್ಮ ಊರಿಂದ ಶಿಕಾರಿಪುರಕ್ಕೆ ನಾನೇ ಕಾರು ಓಡಿಸಿದೆ. ಅವನನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಅಲ್ಲಿದ್ದರು. ಉಡುತಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಎರಡು ಸಲ ಜಗ್ಗಿ ನಿಂತುಬಿಟ್ಟಿತು. ನೋಡಿದರೆ ಪೆಟ್ರೋಲ್ ಮುಳ್ಳು ತಳದಲ್ಲಿತ್ತು.

ಹಿಂದಿನ ದಿನ ನಾನು ಅದೇ ಕಾರಿನಲ್ಲಿ ಸೊರಬಕ್ಕೆ ಹೊರಟಾಗ ಅಣ್ಣ, "ಬರ್ತಾ ಪೆಟ್ರೋಲ್ ಹಾಕಿಸ್ಕೊಂಡು ಬಾ" ಎಂದಿದ್ದ. ನಾನು ಮರೆತು ಬಂದಿದ್ದೆ.

ಅರ್ಧ ಗಂಟೆ ಕಾದ ಮೇಲೆ ಹಾಲಿನ ವ್ಯಾನೊಂದು ಸಿಕ್ಕಿತು. ಅಣ್ಣ ಅಂದು ಮಧ್ಯಾಹ್ನ ಹೋದ. ಕಾರನ್ನು ಯಾರೋ ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆದು ತಂದರು. ಪೆಟ್ರೋಲಿನ ವಿಷಯ ನಾನು ಯಾರ ಹತ್ತಿರವೂ ಹೇಳಲಿಲ್ಲ. ಅತ್ತಿಗೆಯ ಹತ್ತಿರವಂತೂ ಹೇಳಲೇ ಇಲ್ಲ.

ಈ ಸಲ ಅತ್ತಿಗೆಯೇ ಮಾತು ತೆಗೆದರು. "ಅತ್ತೇನ ತಿಂಗ್ಳಿಗೊಂದ್ಸಲ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಆಟೋದಲ್ಲಿ ಅವ್ರ ಸೊಂಟ ಉಳಿಯಲ್ಲ. ಆ ಕಾರು ರಿಪೇರಿ ಮಾಡ್ಸು, ಇಲ್ಲ ಮಾರು ಮಾರಾಯಾ. ಕೋಳಿ ಮೊಟ್ಟೆ ಇಡಕ್ಕೆ ಅಷ್ಟು ದೊಡ್ಡ ಗೂಡು ಯಾಕೆ?"

ಸೀಟಿನ ಕೆಳಗೆ ನಿಜವಾಗಿಯೂ ಮೊಟ್ಟೆಗಳಿದ್ದವು. ಅವನ್ನು ತೆಗೆದು, ಹೊಸ ಬ್ಯಾಟರಿ ಕೂರಿಸಿ, ಎರಡು ಲೀಟರ್ ಪೆಟ್ರೋಲ್ ತಂದು ಹಾಕಿದೆ. ಕಾರು ಹೊರಡಲಿಲ್ಲ. ಸೊರಬದಿಂದ ಬಂದ ಮೆಕ್ಯಾನಿಕ್ ಕೀ ತಿರುಗಿಸಿ ಹಿಂದಿನ ಸೀಟಿಗೆ ಕಿವಿಯಿಟ್ಟು ಕೇಳಿದ. "ಟ್ಯಾಂಕಿನೊಳಗಿನ ಪಂಪಿನ ಸದ್ದೇ ಇಲ್ಲ. ಟ್ಯಾಂಕನ್ನೇ ಇಳಿಸ್ಬೇಕಾಗ್ತದೆ. ಅದು ನನ್ನ ಕೈಲಿ ಆಗೋದಲ್ಲ, ಶಿಕಾರಿಪುರಕ್ಕೆ ತಗೊಂಡು ಹೋಗಿ" ಎಂದ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಒಯ್ದೆ. ಶಿಕಾರಿಪುರದ ಗ್ಯಾರೇಜಿನವರು ವಯಸ್ಸಾದವರು. ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದು, "ಟ್ಯಾಂಕ್‌ನಾಗೆ ಎಷ್ಟೈತ್ರೀ?" ಎಂದರು.

"ಏನೂ ಇಲ್ಲ. ಮೊನ್ನೆ ನಾನು ಹಾಕಿದ ಎರಡು ಲೀಟರ್ ಅಷ್ಟೇ."

"ಖಾತ್ರಿನಾ?"

"ಖಾತ್ರಿ" ಎಂದೆ. ನನ್ನಷ್ಟು ಖಾತ್ರಿಯಾಗಿ ಇನ್ಯಾರೂ ಹೇಳಲಾರರು.

ಪಂಪು ಬದಲಿಸುವ ಕೂಲಿ ಎಂಟುನೂರು, ಟ್ಯಾಂಕ್ ಇಳಿಸಿ ತೊಳೆದು ಒಣಗಿಸಿ ಮತ್ತೆ ಏರಿಸಲು ಸಾವಿರದ ಐನೂರು, ಪಂಪಿನ ಬೆಲೆ ಬೇರೆ ಎಂದರು. ತೊಳೆಯುವುದಕ್ಕೆ ಅಷ್ಟೊಂದೇ ಎಂದು ಕೇಳಿದ್ದಕ್ಕೆ, "ಇದು ಬಚ್ಚಲಿನ ಹಂಡೆ ಅಲ್ರೀ, ಹುಣಸೆಹಣ್ಣು ಹಚ್ಚಿ ತಿಕ್ಕಾಕೆ. ಒಳಗೆ ಒಂದು ಹನಿ ನೀರು ಉಳಿದ್ರೆ ಹೊಸ ಪಂಪೂ ಹೋಗ್ತತಿ. ಒಂದು ದಿನ ಒಣಗಿಸ್ಬೇಕು" ಎಂದರು. ಒಪ್ಪಿ ಬಂದೆ.

ಮರುದಿನ ಹನ್ನೊಂದರ ಹೊತ್ತಿಗೆ ಅವರ ಫೋನು ಬಂತು. ಬೈಯುವ ದನಿ.

"ಏನ್ರೀ ಯಜಮಾನ್ರೆ, ಖಾಲಿ ಅಂತ ಹೇಳಿ ಹೋದ್ರಿ. ಮುಕ್ಕಾಲು ಟ್ಯಾಂಕ್ ಪೆಟ್ರೋಲ್ ಐತಿ! ಬೋಲ್ಟ್ ಸಡಿಲ ಮಾಡಿದ ಕೂಡ್ಲೇ ಟ್ಯಾಂಕ್ ಬಂದು ನನ್ನ ಎದೆ ಮೇಲೆ ಕುಂತ್ಕಂತು. ಎಲ್ಲಾ ಹೊರಗೆ ತೆಗೀಬೇಕು, ಇನ್ನೊಬ್ರನ್ನ ಕರೀಬೇಕು. ಲೇಬರ್ ಐನೂರು ಜಾಸ್ತಿ ಆಗ್ತತಿ. ಈಗ್ಲೇ ಹೇಳ್ತೀನಿ, ಆಮೇಲೆ ಜಗಳ ಬ್ಯಾಡ."

ಸಿಕ್ಕಿದ ಬಸ್ಸು ಹತ್ತಿ ಹೋದೆ. ಗ್ಯಾರೇಜಿನ ಗೋಡೆಯ ಪಕ್ಕ ಐದು ಕ್ಯಾನುಗಳು ಸಾಲಾಗಿದ್ದವು. ಪೆಟ್ರೋಲು ಚಹಾದ ಬಣ್ಣಕ್ಕೆ ತಿರುಗಿ, ಹಳೆಯ ಬಣ್ಣದ ಡಬ್ಬಿಯ ಹಾಗೆ ನಾರುತ್ತಿತ್ತು. ಅದು ನಾನು ಮೊನ್ನೆ ಹಾಕಿದ್ದಂತೂ ಅಲ್ಲ.

"ಮುಳ್ಳು ತಳದಲ್ಲಿತ್ತಲ್ಲ?" ಎಂದೆ.

ಅವರು ಹಳೆಯ ಪಂಪನ್ನು ಎತ್ತಿ ತೋರಿಸಿದರು. ಪೆಟ್ರೋಲ್ ಎಷ್ಟಿದೆ ಎಂದು ಮುಳ್ಳಿಗೆ ತಿಳಿಸುವ ಪುಟ್ಟ ತೇಲುಬುರುಡೆ ಅದಕ್ಕೆ ಅಂಟಿಕೊಂಡಿತ್ತು; ಅದರ ಕಡ್ಡಿ ತುಕ್ಕು ಹಿಡಿದು ಬುರುಡೆ ಕೆಳಗೇ ಸಿಕ್ಕಿಕೊಂಡಿತ್ತು. "ಮುಳ್ಳು ಇನ್ನೇನು ಹೇಳ್ತತಿ? ಪಂಪ್ ಸುಟ್ಟೈತಿ, ಅದಕ್ಕೇ ನಿಂತಿದ್ದು. ಪೆಟ್ರೋಲ್ ಬೇಕಾದಷ್ಟು ಐತಿ."

ಐತಿ. ನಮ್ಮ ಮನೆಯಲ್ಲಿ ಎಲ್ಲರೂ "ಇದೆ", "ಅದೆ" ಎನ್ನುವವರು. ಅಣ್ಣನೊಬ್ಬನೇ ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಹತ್ತು ವರ್ಷ ಇದ್ದು ಈ "ಐತಿ"ಯನ್ನು ಕಲಿತು ಬಂದಿದ್ದ. ಅಂದು ರಸ್ತೆಯಲ್ಲಿ ನಾನು "ಪೆಟ್ರೋಲ್ ಮುಗೀತಲ್ಲೋ" ಎಂದು ಕೂಗಿದಾಗ, ಉಸಿರಿಗೆ ಕಷ್ಟಪಡುತ್ತ ಅವನು ಎರಡು ಸಲ ಏನನ್ನೋ ಹೇಳಿದ್ದ. ನಾನು ಅದನ್ನು "ಆಯ್ತೋ, ಆಯ್ತೋ" ಎಂದು ಕೇಳಿಸಿಕೊಂಡಿದ್ದೆ. ಎಲ್ಲ ಮುಗಿಯಿತು, ನೀನು ಮುಗಿಸಿದೆ ಎಂದು ಅದಕ್ಕೆ ಅರ್ಥ ಹಚ್ಚಿಕೊಂಡಿದ್ದೆ. ಅವನು ಹೇಳಿದ್ದು "ಐತೋ, ಐತೋ" ಎಂದು. ಪೆಟ್ರೋಲ್ ಇದೆ ಎಂದು.

ನನ್ನ ಕಣ್ಣು ತುಂಬಿದ್ದನ್ನು ನೋಡಿ ಆ ಹಿರಿಯರು ಗಾಬರಿಯಾದರು. "ಅಳಬ್ಯಾಡ್ರೀ, ಐನೂರು ಬ್ಯಾಡ, ಮುನ್ನೂರು ಕೊಡ್ರಿ ಸಾಕು" ಎಂದರು. ನನಗೆ ಅಳುವಿನ ನಡುವೆಯೇ ನಗು ಬಂತು. ಪೂರ್ತಿ ಐನೂರನ್ನೂ ಕೊಟ್ಟೆ. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದು ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವರು ಮೊರವನ್ನು ಪಕ್ಕಕ್ಕೆ ಇಟ್ಟರು.

"ನೀನು ಮರ್ತಿರ್ತೀಯ ಅಂತ ಅವ್ರಿಗೆ ಗೊತ್ತಿತ್ತು. ಆ ಸಂಜೆ ನೀನು ಬಂದು ಟವೆಲ್ ಹೆಗಲಿಗೆ ಹಾಕ್ಕೊಂಡು ಬಚ್ಚಲಿಗೆ ಹೋದೆ ನೋಡು, ಆವಾಗ್ಲೇ ಕಾರು ತಗೊಂಡು ಹೋಗಿ ಪೆಟ್ರೋಲ್ ಹಾಕಿಸ್ಕೊಂಡು ಬಂದ್ರು. ಆ ಮುಳ್ಳು ಸುಳ್ಳು ಅಂತ ನಗ್ತಾ ಇದ್ರು. ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ? ಒಂದು ಮಾತು ಕೇಳಕ್ಕೆ ಏನಾಗಿತ್ತು ನಿಂಗೆ?"

ರಸ್ತೆಯಲ್ಲಿ ಕಳೆದ ಆ ಅರ್ಧ ಗಂಟೆ ಕಳೆದೇ ಹೋಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಅದು ನನ್ನ ಮರೆವು ತಂದದ್ದಲ್ಲ. ಇಷ್ಟು ದಿನ ಮನೆಯಲ್ಲಿ ಅಣ್ಣನ ಮಾತು ಬಂದರೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಅಂದು ಊಟಕ್ಕೆ ಕೂತಾಗ ಅಮ್ಮ ಅವನ ಹೆಸರೆತ್ತಿದರು. ನಾನು ಕೂತೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ, ಅವನು ಗಿರಣಿಗೆ ಸೇರಿದ ಹೊಸದರಲ್ಲಿ ಮೈಯೆಲ್ಲ ತೌಡು ಮೆತ್ತಿಕೊಂಡು ಬಂದು ಅಮ್ಮನಿಗೇ ಗುರುತು ಸಿಗದೆ ಹೋದ ಕಥೆಯನ್ನು ನಾನೇ ಶುರುಮಾಡಿದೆ.